ಕಪ್ಪೆಯ ಉಸಿರು ನೋಡಿದ ಗರಿ

ಪಾಠದ ಪುಸ್ತಕದಲ್ಲಿ ಕರಡಿಯ ಚಿತ್ರವಿತ್ತು. ಹಿಮ ಬಿದ್ದ ಬೆಟ್ಟ, ಅದರಲ್ಲೊಂದು ಗುಹೆ, ಗುಹೆಯೊಳಗೆ ಮುದುಡಿ ಮಲಗಿದ ಕರಡಿ. ಚಳಿಗಾಲ ಕಳೆಯುವವರೆಗೆ ಅದು ಏಳುವುದಿಲ್ಲ ಎಂದು ಓದುತ್ತಿದ್ದೆ. ಹಿಂದಿನ ಸಾಲಿನ ಹುಡುಗನೊಬ್ಬ ಕೈ ಎತ್ತಿದ.

“ಸುಳ್ಳು ಐತ್ರಿ ಟೀಚರ್. ನಿನ್ನಿ ನಮ್ಮ ಹೊಲಕ್ಕ ಬಾರಿಹಣ್ಣು ತಿನ್ನಾಕ ಬಂದಿತ್ತು.”

“ನಿದ್ದಿಗಣ್ಣಾಗ ಬಂದಿರಬೇಕು ಬಿಡಲೇ,” ಎಂದ ಪಕ್ಕದವನು.

ತರಗತಿ ನಕ್ಕಿತು. ನಗು ಮುಗಿಯುವವರೆಗೆ ಕಾದು ಕೈ ಕಟ್ಟಿಸಿ ಕೂರಿಸಿದೆ. ಹುಡುಗ ಹೇಳಿದ್ದು ನಿಜ. ಗುಡೇಕೋಟೆಯ ಗುಡ್ಡದ ಕರಡಿಗಳು ಚಳಿಗಾಲದಲ್ಲಿ ಮಲಗುವುದಿಲ್ಲ. ನಮ್ಮ ಕಡೆ ಪ್ರಾಣಿಗಳು ಅಡಗುವುದು ಚಳಿಗೆ ಹೆದರಿ ಅಲ್ಲ, ಬಿಸಿಲಿಗೆ ಹೆದರಿ. ಇದನ್ನು ಪುಸ್ತಕ ಹೇಳಿರಲಿಲ್ಲ. ನಾನು ಹೇಳಬೇಕಿತ್ತು, ಆದರೆ ತೋರಿಸುವುದಕ್ಕೆ ಏನೂ ಇರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದ ಕಾಲ. ಆ ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಹೆಡ್ಮಾಸ್ತರು ಮತ್ತು ನಾನು, ಇಬ್ಬರೇ. ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ನನ್ನ ಕೋಣೆಯಲ್ಲಿ ಕೂರುತ್ತಿದ್ದರು. ಗಂಟೆ, ಪ್ರಾರ್ಥನೆ, ಉಗುರು ನೋಡುವುದು, ತಲೆ ಎಣಿಸುವುದು, ಆಮೇಲೆ ಪಾಠ. ಈ ಕ್ರಮ ತಪ್ಪಿದರೆ ನನಗೆ ದಿನವೇ ತಪ್ಪಿದಂತೆ.

ಆ ವಾರ ಕೆರೆಯ ಹೂಳನ್ನು ಹೊಲಗಳಿಗೆ ಹೊಡೆಯುತ್ತಿದ್ದರು. ಶಾಲೆಯ ಗಿಡಗಳಿಗೆಂದು ಒಂದು ಟ್ರ್ಯಾಕ್ಟರ್ ಹೂಳನ್ನು ಅಂಗಳಕ್ಕೂ ಸುರಿದರು. ಮಕ್ಕಳು ಹೆಂಟೆ ಒಡೆಯುವಾಗ ಒಂದು ಹೆಂಟೆ ತೆಂಗಿನಕಾಯಿಯ ಹಾಗೆ ಎರಡು ಹೋಳಾಯಿತು. ಒಂದು ಹೋಳಿನ ಗುಳಿಯಲ್ಲಿ ದುಂಡನೆಯ ಕಪ್ಪೆ ಕೂತಿತ್ತು. ಕಣ್ಣು ಮುಚ್ಚಿದೆ, ಕಾಲು ಹೊಟ್ಟೆಗೆ ಒತ್ತಿದೆ, ಮೈಮೇಲೆ ಮಣ್ಣಿನ ಪೊರೆ.

“ಸತ್ತೈತ್ರಿ,” ಎಂದು ಕರಡಿಯ ಹುಡುಗ ಅದನ್ನು ಎಸೆಯಲು ಹೋದ.

“ಇಡು ಕೆಳಗ,” ಎಂದೆ. “ಬದುಕೈತಿ. ಕೆರಿ ಬತ್ತೂವಾಗ ಹಿಂಗಾಲಿಂದ ಮಣ್ಣು ಕೆದರಿ ಒಳಗ ಇಳದೈತಿ. ಮಳಿ ಬಂದಾಗ ಏಳ್ತೈತಿ.”

ಈ ಮಾತನ್ನು ನಾನು ಬಹಳ ಖಚಿತವಾಗಿ ಹೇಳಿದೆ. ಓದಿ ತಿಳಿದದ್ದೇ ಹೊರತು ಕಣ್ಣಾರೆ ಕಂಡದ್ದಾಗಿರಲಿಲ್ಲ.

ಹೋಳುಗಳನ್ನು ಮತ್ತೆ ಜೋಡಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ಕೋಣೆಯ ಮೂಲೆಯಲ್ಲಿಟ್ಟು, ಕಪ್ಪೆಗೆ ಮಳೆಗಾಲದವರೆಗೆ ಮನೆ ಕಟ್ಟಬೇಕು ಎಂದು ನಿರ್ಧರಿಸಿದೆವು. ಮೊದಲು, ನಾಲ್ಕೈದು ದಿನ ಹುಡುಕಿ ತಂದ ಸೀಮೆಎಣ್ಣೆಯ ಖಾಲಿ ಡಬ್ಬಿಯನ್ನು ಕತ್ತರಿಸಿ, ಒಂದು ಬದಿಗೆ ಗಾಜು ಕೂರಿಸಿ, ಒಳಗೆ ಹಸಿ ಹೂಳು ತುಂಬಿದೆವು. ಕಪ್ಪೆಯನ್ನು ಇಡುವ ಮುಂಚೆ ಪರೀಕ್ಷೆ ಆಗಲಿ ಎಂದು ಒಂದು ಬೆಣ್ಣೆಯ ಉಂಡೆಯನ್ನು ಎಲೆಯಲ್ಲಿ ಸುತ್ತಿ ಅದರೊಳಗೆ ಹೂತೆ. ಬೆಣ್ಣೆ ಗಟ್ಟಿಯಾಗಿ ಉಳಿದರೆ ಮನೆ ತಂಪು, ಕರಗಿದರೆ ಮನೆ ಕೆಟ್ಟದ್ದು. ಚಿಕ್ಕ ಮಕ್ಕಳಿಗೆ ಇದಕ್ಕಿಂತ ಸುಲಭದ ಅಳತೆ ಬೇರೆ ಇಲ್ಲ. ಮಧ್ಯಾಹ್ನ ತೆಗೆದರೆ ಎಲೆಯಲ್ಲಿ ಎಣ್ಣೆ ಮಾತ್ರ ಇತ್ತು. ತಗಡು ಮುಟ್ಟಿದರೆ ಸುಡುತ್ತಿತ್ತು. ಆತುರಪಟ್ಟು ಕಪ್ಪೆಯನ್ನೇ ಇಟ್ಟಿದ್ದರೆ ಮಕ್ಕಳ ಕಣ್ಣೆದುರು ಬೆಂದು ಹೋಗುತ್ತಿತ್ತು. ಆ ದಿನದಿಂದಲೇ ನನ್ನೊಳಗೆ ಒಂದು ಹೆದರಿಕೆ ಶುರುವಾಯಿತು.

ಮರುದಿನ ಮಕ್ಕಳನ್ನು ಮೂರು ಗುಂಪು ಮಾಡಿ, ನೆಲದಲ್ಲೇ ಒಂದೊಂದು ಮನೆ ತೋಡಿ ಎಂದೆ. ಒಂದು ಗುಂಪು ಗುಂಡಿ ತೆಗೆದು ಮೇಲೆ ಮುತ್ತುಗದೆಲೆ ಹೊದಿಸಿತು. ಎರಡನೆಯದು ಜೋಳ ತುಂಬುವ ಹಗೇವಿನ ಹಾಗೆ ಕುತ್ತಿಗೆ ಸಣ್ಣದು, ಹೊಟ್ಟೆ ದೊಡ್ಡದು ಮಾಡಿ, ಒಳಗೆ ಬೂದಿ ಬಳಿದು ಹುಲ್ಲು ಹಾಸಿತು. ಮೂರನೆಯ ಗುಂಪಿನಲ್ಲಿ ಎಲ್ಲರೂ ಒಬ್ಬಳ ಮಾತು ಕೇಳಿದರು. ಎರಡನೆಯ ತರಗತಿಯ ಹುಡುಗಿ. ದೀಪಾವಳಿಯ ಹೊತ್ತಿಗೆ ಅವಳ ತಾಯಿ ತೀರಿಕೊಂಡಿದ್ದಳು. ತಂದೆ ಲಾರಿಯ ಮೇಲೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಅಜ್ಜಿ ಸಾಕುತ್ತಿದ್ದಳು. ತಾಯಿ ಹೋದಾಗಿನಿಂದ ಹುಡುಗಿ ಶಾಲೆಯಲ್ಲಿ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಿದ್ದಳು.

ಆ ದಿನ ಅವಳು ಮೊಣಕಾಲೂರಿ ನೇರವಾಗಿ ಗುಂಡಿ ತೋಡಿದಳು. ತಳ ಮುಟ್ಟಿದ ಮೇಲೆ ಒಂದು ಮಗ್ಗುಲಿಗೆ ಗೂಡಿನ ಹಾಗೆ ಕೊರೆದಳು. ಬೆಣ್ಣೆಯ ಉಂಡೆಯನ್ನು ಆ ಗೂಡಿನಲ್ಲಿ ಕೂರಿಸಿ, ಬಾಯಿಗೆ ಚಪ್ಪಡಿಯ ಚೂರು ನಿಲ್ಲಿಸಿ, ಸಂದಿಗೆ ಹಸಿ ಮಣ್ಣು ಮೆತ್ತಿ, ಆಮೇಲೆ ಗುಂಡಿ ಮುಚ್ಚಿದಳು.

ಬಿಸಿಲು ಇಳಿದ ಮೇಲೆ ಒಂದೊಂದಾಗಿ ತೆರೆದೆವು. ಮುತ್ತುಗದೆಲೆಯ ಬೆಣ್ಣೆ ಕರಗಿತ್ತು. ಹಗೇವಿನದು ಮೆತ್ತಗಾಗಿತ್ತು. ಹುಡುಗಿಯದು ಇಟ್ಟಹಾಗೇ ಇತ್ತು, ಮೇಲೆ ಅವಳ ಬೆರಳಿನ ಗುರುತು ಕೂಡ.

“ಶಾಬಾಸ್. ಮಗ್ಗಲಿಗೆ ಗೂಡು ಕೊರೀಬೇಕು ಅಂತ ಯಾರು ಹೇಳಿಕೊಟ್ರು?” ಎಂದು ಕೇಳಿದೆ.

“ಯಾರೂ ಇಲ್ರಿ. ನಮ್ಮವ್ವಗ ಹಿಂಗ ಮಾಡಿದ್ರು.”

ಅವರ ಮನೆತನದಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಕೊಡುತ್ತಾರೆ. ಗುಣಿ ತೋಡಿ, ಮಗ್ಗುಲಲ್ಲಿ ಗೂಡು ಕೊರೆದು, ಅದರಲ್ಲಿ ಕಾಲು ಮಡಿಸಿ ಕೂರಿಸಿ, ವಿಭೂತಿ ಹಚ್ಚಿ ಮುಚ್ಚುತ್ತಾರೆ. ಹುಡುಗಿ ಅದನ್ನು ನಿಂತು ನೋಡಿದ್ದಳು.

ನನ್ನ ಕೈಯಲ್ಲಿ ಬೆಣ್ಣೆಯ ಎಲೆ ಇತ್ತು. ಹುಡುಗಿ ಹತ್ತಿರ ಬಂದು, ಯಾರಿಗೂ ಕೇಳದಷ್ಟು ಸಣ್ಣಗೆ ಕೇಳಿದಳು.

“ಅವ್ವನೂ ಹಿಂಗ ಕಣ್ಣು ಮುಚ್ಚಿ ಕುಂತಾಳ್ರಿ. ಮಳಿ ಬಂದ್ರ ಏಳ್ತಾಳಲ್ರಿ?”

ಗಂಟೆ ಹೊಡೆಯುವ ಹೊತ್ತಾಯಿತು ಎಂದು ಎದ್ದು ಹೋಗಿ ಗಂಟೆ ಹೊಡೆದೆ.

ಅಂದು ಸಂಜೆ ಅವಳ ಮನೆಗೆ ಹೋದೆ. ಅಜ್ಜಿ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ನಡೆದದ್ದನ್ನು ಹೇಳಿದೆ. ಅಜ್ಜಿಯ ಕೈ ನಿಂತಿತು.

“ಅದಕ್ಕ ಏನ್ರಿ ಅಕಿ ದಿನಾ ತಂಬಗ್ಯಾಗ ನೀರು ಒಯ್ಯೂದು? ನಾ ಗಿಡಕ್ಕ ಹಾಕ್ತಾಳಂತ ತಿಳ್ಕಂಡಿದ್ದೆ.”

ಹುಡುಗಿ ಶಾಲೆ ಬಿಟ್ಟ ಮೇಲೆ ತಾಯಿಯ ಸಮಾಧಿಗೆ ಹೋಗಿ ನೀರು ಸುರಿದು ಬರುತ್ತಿದ್ದಳು. ಮಳೆ ಬರುವವರೆಗೂ ಅವಳು ಕಾಯುತ್ತಿರಲಿಲ್ಲ.

“ಆಕಿಗೆ ನಿಜ ಹೇಳಬೇಕಲ್ಲಬೇ,” ಎಂದೆ.

“ಬ್ಯಾಡ್ರಿ ನಮ್ಮವ್ವ. ತಾಯಿ ಹೋದಾಗಿಂದ ತುತ್ತು ಇಳಿದಿದ್ದಿಲ್ಲ. ನಿಮ್ಮ ಕಪ್ಪಿ ಬಂದ ಮ್ಯಾಲೆ ರೊಟ್ಟಿ ಕೇಳಿ ಉಣ್ಣಾಕತ್ಯಾಳ. ಅದನ್ನ ಕಸ್ಕೋಬ್ಯಾಡ್ರಿ.”

ಮರುದಿನ ಹೆಡ್ಮಾಸ್ತರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಮೇಡಂ, ಈ ಕಪ್ಪಿ ಸಹವಾಸ ಸಾಕ್ರಿ. ಆ ಕೂಸು ನಾಳೆ ಸಮಾಧಿ ಕೆದರಾಕ ಕುಂತ್ರ ಊರ ಹಿರೇರಿಗೆ ನಾ ಏನ್ ಹೇಳ್ಲಿ? ಕೆರ್ಯಾಗ ಬಿಟ್ಟು ಬರ್ರಿ.”

ಬಿಟ್ಟು ಬಂದರೆ ಹುಡುಗಿ ಏನೆಂದುಕೊಳ್ಳುತ್ತಾಳೆ? ಕಪ್ಪೆ ಎದ್ದು ಹೋಯಿತು ಎಂದುಕೊಳ್ಳುತ್ತಾಳೆ. ಇಟ್ಟುಕೊಂಡರೆ, ಮೊದಲ ಮಳೆಗೆ ಅದು ಎಲ್ಲರೆದುರು ಏಳುತ್ತದೆ, ಅವ್ವನೂ ಏಳುತ್ತಾಳೆಂದು ಅವಳು ಸಮಾಧಿಗೆ ಓಡುತ್ತಾಳೆ. ಏಳದೆ ಸತ್ತಿದ್ದರೆ ನನ್ನ ಮಾತೆಲ್ಲ ಸುಳ್ಳಾಗುತ್ತದೆ. ಯಾವ ದಾರಿ ಹಿಡಿದರೂ ಪೆಟ್ಟು ಬೀಳುವುದು ಆ ಮಗುವಿಗೇ. ಆಕಾಶದಲ್ಲಿ ಒಂದು ಮೋಡ ಕಂಡರೂ ಪಾಠ ನಿಲ್ಲಿಸಿ ಹೊರಗೆ ನೋಡುತ್ತಿದ್ದೆ. ಈ ಸೀಮೆಯಲ್ಲಿ ಮೋಡ ಕಂಡು ಹೆದರಿದವಳು ನಾನೊಬ್ಬಳೇ ಇರಬೇಕು.

ಜವಾಬ್ದಾರಿ ನನ್ನದು ಎಂದು ಹೆಡ್ಮಾಸ್ತರಿಗೆ ಹೇಳಿ, ಕಪ್ಪೆಯನ್ನು ಇಟ್ಟುಕೊಳ್ಳುವುದೆಂದೇ ತೀರ್ಮಾನಿಸಿದೆ. ಅಡಗಿ ಮಲಗಿದ್ದಕ್ಕೂ ಸತ್ತದ್ದಕ್ಕೂ ವ್ಯತ್ಯಾಸವನ್ನು ಮಳೆಗಿಂತ ಮುಂಚೆ ಹುಡುಗಿ ತನ್ನ ಕಣ್ಣಿನಿಂದಲೇ ನೋಡಬೇಕು. ಮಲಗಿದ್ದು ಉಸಿರಾಡುತ್ತದೆ, ಸತ್ತದ್ದು ಆಡುವುದಿಲ್ಲ. ಅದನ್ನು ತೋರಿಸುವ ಸಾಧನ ಕಟ್ಟಬೇಕು.

ಟೊಮೆಟೊ ತುಂಬುವ ಹಲಗೆ ಪೆಟ್ಟಿಗೆಯಲ್ಲಿ ಹೂಳು ತುಂಬಿ, ಹುಡುಗಿ ಕೊರೆದ ಹಾಗೆಯೇ ಗೂಡು ಮಾಡಿ, ಕಪ್ಪೆಯಿದ್ದ ಹೆಂಟೆಯ ಹೋಳನ್ನು ಅಲುಗಿಸದೆ ಅದರಲ್ಲಿಟ್ಟೆವು. ಮುಂದೆ ಗಾಜು. ಬಿದಿರಿನ ಎರಡು ಸೀಳುಗಳ ನಡುವೆ ಅದನ್ನು ಮೇಲಕ್ಕೆ ಸರಿಸಬಹುದಾಗಿತ್ತು. ಮೇಲೆ ಕಪ್ಪು ಬಟ್ಟೆ, ಸುತ್ತ ಒದ್ದೆ ಗೋಣಿ. ಬೆಣ್ಣೆಯ ಪರೀಕ್ಷೆಯಲ್ಲಿ ಪೆಟ್ಟಿಗೆ ಪಾಸಾಯಿತು.

ಆಮೇಲೆ ಕಡ್ಡಿ. ಕಸಬರಿಗೆಯ ಒಂದು ಕಡ್ಡಿಯನ್ನು ತುದಿಗೆ ಹತ್ತಿರವಾಗಿ ಗುಂಡುಸೂಜಿಯಿಂದ ಚುಚ್ಚಿ, ಸೂಜಿಯನ್ನು ಬೆಂಡಿನ ತುಂಡಿಗೆ ಸಿಕ್ಕಿಸಿದೆವು. ಕಡ್ಡಿಯ ಗಿಡ್ಡ ತುದಿ ಪ್ರಾಣಿಯ ಪಕ್ಕೆಗೆ ತಾಗಬೇಕು, ಉದ್ದದ ತುದಿ ಗೆರೆ ಹಾಕಿದ ರಟ್ಟಿನ ಮುಂದೆ ಆಡಬೇಕು. ಪಕ್ಕೆ ಕೂದಲೆಳೆಯಷ್ಟು ಅಲುಗಿದರೂ ಆ ತುದಿ ಒಂದು ಗೆರೆ ದಾಟುತ್ತದೆ. ಏತದ ಲೆಕ್ಕವೇ ಇದು. ಜಗಲಿಯಲ್ಲಿ ಮಲಗಿದ್ದ ನಾಯಿಮರಿಗೆ ಮೊದಲು ಇಟ್ಟೆವು. ಕಡ್ಡಿ ಕುಣಿಯಿತು.

“ನಮ್ಮಪ್ಪಗ ಇಟ್ರ ಕಡ್ಡಿ ಮುರಿತೈತ್ರಿ, ಆ ಪರಿ ಗೊರಕಿ ಹೊಡಿತಾನ,” ಎಂದ ಕರಡಿಯ ಹುಡುಗ. ಕಲ್ಲಿಗೆ ಇಟ್ಟೆವು. ಕಡ್ಡಿ ನಿಂತಿತು.

ಕಪ್ಪೆಗೆ ಇಡುವುದನ್ನು ಮಕ್ಕಳು ಮನೆಗೆ ಹೋದ ಮೇಲೆ ಒಬ್ಬಳೇ ಮಾಡಿ ನೋಡಿದೆ. ಗಾಜು ಸರಿಸಿ ಕಡ್ಡಿಯ ತುದಿಯನ್ನು ಪಕ್ಕೆಗೆ ತಾಗಿಸಿದೆ. ಕಡ್ಡಿ ಅಲುಗಲಿಲ್ಲ. ಬೆರಳು ಇಟ್ಟು ನೋಡಿದೆ, ಏನೂ ತಿಳಿಯಲಿಲ್ಲ. ಮೈ ತಣ್ಣಗಿತ್ತು. ಕಡೆಯ ಬಸ್ಸು ಬಂದು ಹಾರ್ನ್ ಹೊಡೆಯುವವರೆಗೂ ಕಡ್ಡಿಯನ್ನೇ ನೋಡುತ್ತ ಕೂತೆ. ಕೂಡ್ಲಿಗಿಯವರೆಗೂ ಬಸ್ಸಿನಲ್ಲಿ ಒಂದೇ ಯೋಚನೆ. ಸತ್ತ ಕಪ್ಪೆಯನ್ನು ಬದುಕಿದೆ ಎಂದು ಒಂದು ಕೋಣೆ ಮಕ್ಕಳಿಗೆ ಕಲಿಸಿಬಿಟ್ಟೆನೆ?

ಮನೆಯಲ್ಲಿ ಮತ್ತೆ ಯೋಚಿಸಿದೆ. ಕಸಬರಿಗೆಯ ಕಡ್ಡಿ ಭಾರ. ಅಡಗಿದ ಪ್ರಾಣಿಯ ಉಸಿರಿಗೆ ಅದನ್ನು ಎತ್ತುವ ಬಲ ಇರದು. ಮರುದಿನ ಕೋಳಿಯ ಗರಿಯ ತೆಳು ದಿಂಡನ್ನು ತೆಗೆದುಕೊಂಡು, ಎರಡೂ ಕಡೆಯ ಎಳೆ ಸುಲಿದು, ಸೂಜಿಯ ಮೇಲೆ ತೂಗುವ ಹಾಗೆ ಮೇಣದ ಒಂದು ಚುಕ್ಕೆ ಅಂಟಿಸಿ ಸಮ ಮಾಡಿದೆ. ಈಗ ಇನ್ನೊಂದು ತೊಂದರೆ. ನೋಡಲು ಬಗ್ಗಿದ ಮಕ್ಕಳ ಉಸಿರಿಗೇ ಗರಿ ಅಲ್ಲಾಡುತ್ತಿತ್ತು. ಎಲ್ಲರ ಮೂಗಿಗೂ ಬಟ್ಟೆ ಕಟ್ಟಿಸಿ, ಬಾಗಿಲು ಮುಚ್ಚಿಸಿ, ನೆಲಕ್ಕೆ ಎಳೆದ ಗೆರೆಯ ಹಿಂದೆ ಕೂರಿಸಿದೆ. ಕಾವಲಿಗೆ ಹುಡುಗಿಯನ್ನು ಮುಂದೆ ಕೂರಿಸಿದೆ.

ಮೊದಲು ಸತ್ತ ಕೋಳಿಮರಿ. ಒಬ್ಬಳು ಮನೆಯಿಂದ ಎಲೆಯಲ್ಲಿ ಸುತ್ತಿ ತಂದಿದ್ದಳು. ಗರಿ ಇಟ್ಟೆ. ಅಲುಗಲಿಲ್ಲ. ಬಹಳ ಹೊತ್ತು ಕಾದೆವು. ಅಲುಗಲಿಲ್ಲ.

ಆಮೇಲೆ ಕಪ್ಪೆ. ಹುಡುಗಿ ಮೊದಲು ತಾನೇ ಅದರ ಪಕ್ಕೆಗೆ ಬೆರಳು ಇಟ್ಟು ನೋಡಿ, ಏನೂ ಇಲ್ಲ ಎಂದಳು. ಗರಿ ನಿಂತಿತು. ಹುಡುಗಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಇನ್ನು ಸಾಕು ಎಂದು ನಾನು ಎದ್ದೇಳಬೇಕು ಎನ್ನುವಷ್ಟರಲ್ಲಿ ಗರಿಯ ತುದಿ ಮೆಲ್ಲಗೆ ಮೇಲೆದ್ದು, ಒಂದು ಗೆರೆ ಮುಟ್ಟಿ, ಕೆಳಗಿಳಿಯಿತು. ಮತ್ತೆ ನಿಂತಿತು. ಮತ್ತೆ ಎದ್ದಿತು.

ಮೂಗಿನ ಬಟ್ಟೆ ಕಿತ್ತು ಮಕ್ಕಳು ಕೂಗಾಡಿದರು. ನಾನು ತಡೆಯಲಿಲ್ಲ. ಎಷ್ಟೋ ದಿನದ ಮೇಲೆ ಸರಿಯಾಗಿ ಉಸಿರು ಬಿಟ್ಟೆ.

“ನೋಡಿದೇನವ್ವ? ಇದು ಬದುಕೈತಿ, ಅದು ಸತ್ತೈತಿ,” ಎಂದೆ ಹುಡುಗಿಗೆ.

ಅವಳು ತಲೆಯಾಡಿಸಲಿಲ್ಲ. ಗರಿಯನ್ನೇ ನೋಡುತ್ತ ಹೇಳಿದಳು.

“ಬೆರಳು ಇಟ್ರ ಕಪ್ಪಿಗೆ ಉಸುರು ಇದ್ದಿಲ್ರಿ. ಗರಿ ಇಟ್ಟಾಗ ಗೊತ್ತಾತು. ನಮ್ಮವ್ವಗ ಬರೇ ಮೂಗಿನ ಹಂತ್ಯಾಕ ಕೈ ಇಟ್ಟು ನೋಡಿದ್ರು. ಗರಿ ಇಟ್ಟಿದ್ದಿಲ್ರಿ.”

ಒಂದು ಮಗುವಿಗೆ ಸತ್ಯ ತೋರಿಸಲೆಂದು ನಾನು ಕಟ್ಟಿದ ಸಾಧನ ಅವಳ ಕೈಗೆ ಹೊಸ ಆಸೆಯೊಂದನ್ನು ಕೊಟ್ಟಿತ್ತು. ಅವಳ ತರ್ಕದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಇನ್ನೊಂದು ಪರೀಕ್ಷೆ ಮಾಡಿದರೆ ಅವಳು ಇನ್ನೊಂದು ಸಂದಿ ಹುಡುಕುತ್ತಾಳೆ. ಮಳೆಗೆ ಬಹಳ ದಿನ ಉಳಿದಿರಲಿಲ್ಲ. ಸಾಧನಗಳ ಕೆಲಸ ಇಲ್ಲಿಗೆ ಮುಗಿಯಿತು, ಇನ್ನು ಬಾಯಿಬಿಟ್ಟು ಹೇಳಬೇಕು ಎಂದು ಆಗ ತೀರ್ಮಾನಿಸಿದೆ.

ಉಳಿದವರನ್ನು ಅಂಗಳಕ್ಕೆ ಕಳಿಸಿ, ಅಜ್ಜಿಯನ್ನು ಕರೆಸಿ, ತಾಯಿಯನ್ನು ಡಾಕ್ಟರು ನೋಡಿದ್ದರೇ ಎಂದು ಮೊದಲು ಕೇಳಿ ತಿಳಿದುಕೊಂಡೆ. ಅಜ್ಜಿ ಬಾಗಿಲಲ್ಲೇ ಸೆರಗು ಬಾಯಿಗಿಟ್ಟು ನಿಂತಳು. ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು, ನಾನೂ ನೆಲಕ್ಕೆ ಕೂತೆ.

“ಕೇಳಿಲ್ಲಿ. ನಿಮ್ಮವ್ವ ಸತ್ತಾಳ. ಉಸುರು ಸಣ್ಣಗ ಆಗಿದ್ದಿಲ್ಲ, ನಿಂತಿತ್ತು. ಮಳಿ ಬಂದ್ರೂ ಏಳಂಗಿಲ್ಲ, ನೀ ನೀರು ಹಾಕಿದ್ರೂ ಏಳಂಗಿಲ್ಲ.”

“ನೀವು ನೋಡಿದ್ರೇನ್ರಿ?”

“ನಾ ನೋಡಿಲ್ಲ. ಡಾಕ್ಟರು ನೋಡ್ಯಾರ. ಎದಿ ಮ್ಯಾಲೆ ಕೊಳವಿ ಇಟ್ಟು ಕೇಳ್ಯಾರ. ಅದು ನಮ್ಮ ಗರಿಗಿಂತ ಸೂಕ್ಷ್ಮ ಐತಿ.”

ಹುಡುಗಿ ತಿರುಗಿ ಅಜ್ಜಿಯನ್ನು ನೋಡಿದಳು. ಅಜ್ಜಿ ಹೌದೆಂದು ತಲೆಯಾಡಿಸಿ, ಅಲ್ಲೇ ಕುಸಿದು ಕೂತಳು. ಹುಡುಗಿ ಅಳಲಿಲ್ಲ. ಎದ್ದು ತನ್ನ ಚೀಲ ತೆಗೆದುಕೊಂಡು ಮನೆಗೆ ಹೋದಳು.

ಮುಂದಿನ ದಿನಗಳು ಹಿಂದಿನವಕ್ಕಿಂತ ಕೆಟ್ಟವು. ಅವಳು ಶಾಲೆಗೆ ಬರುತ್ತಿದ್ದಳು, ಕೂರುತ್ತಿದ್ದಳು, ಬರೆಯುತ್ತಿದ್ದಳು, ಹೋಗುತ್ತಿದ್ದಳು. ಪೆಟ್ಟಿಗೆಯ ಹತ್ತಿರ ಸುಳಿಯಲಿಲ್ಲ. ಅಜ್ಜಿ ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಿದ್ದಳು. ಒಮ್ಮೆ ಮಾತ್ರ ನಿಂತು, “ಮತ್ತ ಉಣ್ಣಾದು ಬಿಟ್ಟಾಳ್ರಿ. ನಿಮಗ ಸಮಾಧಾನ ಆತಿಲ್ಲೋ?” ಎಂದಳು. ಸ್ವಲ್ಪ ದಿನದ ಮೇಲೆ ಹುಡುಗಿ ಮಧ್ಯಾಹ್ನ ಗೆಳತಿಯ ಬುತ್ತಿಯಿಂದ ಶೇಂಗಾಚಟ್ನಿ ಕಸಿದುಕೊಂಡು ತಿಂದದ್ದನ್ನು ಕಂಡೆ. ಬೇರೆ ದಿನವಾಗಿದ್ದರೆ ಅದಕ್ಕೆ ಶಿಕ್ಷೆ ಕೊಡುತ್ತಿದ್ದೆ. ಆದರೆ ಅವಳ ಮನಸ್ಸಿನಲ್ಲಿ ಏನಿದೆ, ಮಳೆಯ ದಿನ ಏನು ಮಾಡುತ್ತಾಳೆ ಎಂಬುದು ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಮಳೆ ಬೇಸಿಗೆ ರಜೆಗೆ ಮುಂಚೆಯೇ, ರೇವತಿ ನಕ್ಷತ್ರದಲ್ಲಿ ಬಂತು. ಬೆಳಗಿನಿಂದ ಗಾಳಿ ಇಲ್ಲ. ತಲೆ ಎಣಿಸಿದಾಗ ಹುಡುಗಿ ಇರಲಿಲ್ಲ. ಊಟದ ಹೊತ್ತು ಕಳೆದ ಮೇಲೆ ಗುಡ್ಡದ ಕಡೆಯಿಂದ ಧೂಳು ಎದ್ದು, ಅದರ ಹಿಂದೆಯೇ ದಪ್ಪ ಹನಿ ಬಿತ್ತು. ಮಕ್ಕಳು ಕಪ್ಪೆ ಎಂದು ಕೂಗಿ, ಪೆಟ್ಟಿಗೆಯನ್ನು ಎಳೆದು ಸೂರಿನ ನೀರಿನ ಕೆಳಗಿಟ್ಟರು. ನಾನು ಅದನ್ನು ನೋಡಲು ನಿಲ್ಲಲಿಲ್ಲ. ಹೆಡ್ಮಾಸ್ತರಿಗೆ ತರಗತಿ ಒಪ್ಪಿಸಿ ಅವಳ ಮನೆಗೆ ಓಡಿದೆ. ಅಜ್ಜಿ ಹೊರಗೆ ಒಣಹಾಕಿದ್ದ ಜೋಳ ಎತ್ತುತ್ತಿದ್ದಳು.

“ಎಲ್ಲಿ ಅದಾಳ?”

“ಸಾಲಿಗೆ ಬಂದಿಲ್ಲೇನ್ರಿ?”

ಜೋಳ ಅಲ್ಲೇ ಬಿಟ್ಟಳು. ಇಬ್ಬರೂ ಮಳೆಯಲ್ಲಿ ಊರ ಹೊರಗಿನ ಸಮಾಧಿಗಳ ಹೊಲಕ್ಕೆ ನಡೆದೆವು. ಕೆಮ್ಮಣ್ಣು ಚಪ್ಪಲಿಗೆ ಅಂಟಿ ಕಾಲು ಎತ್ತಲಾಗುತ್ತಿರಲಿಲ್ಲ. ಚಪ್ಪಲಿ ಬಿಟ್ಟು ಹೋದೆ. ಹುಡುಗಿ ಗುಣಿ ಕೆದರಿ ಒಳಗೆ ಇಳಿದಿದ್ದರೆ, ಮೇಲಿನ ಮಣ್ಣು ನೀರು ಕುಡಿದು ಕುಸಿದಿದ್ದರೆ, ಎಂದು ಹೆಜ್ಜೆಹೆಜ್ಜೆಗೂ ಅನ್ನಿಸುತ್ತಿತ್ತು. ಅಜ್ಜಿ ದೇವರ ಹೆಸರನ್ನೂ ಹೇಳದೆ ಬರೀ ಏದುಸಿರು ಬಿಡುತ್ತಿದ್ದಳು.

ಅಲ್ಲಿ ಯಾರೂ ಇರಲಿಲ್ಲ. ಸಮಾಧಿಯ ಮಣ್ಣು ಎಲ್ಲೂ ಕದಲಿರಲಿಲ್ಲ. ಅದರ ಸುತ್ತ ಮಳೆ ಹನಿಯ ಗುಳಿಗಳ ಹೊರತು ಒಂದು ಹೆಜ್ಜೆಯ ಗುರುತೂ ಇರಲಿಲ್ಲ. ಅಜ್ಜಿ ಬಗ್ಗಿ ಕೈಯಿಂದ ಮಣ್ಣು ಮುಟ್ಟಿ ನೋಡಿದಳು. ನಾನೂ ಮುಟ್ಟಿದೆ.

ಶಾಲೆಗೆ ಮರಳಿದಾಗ ಮಳೆ ಇಳಿದಿತ್ತು. ಮಕ್ಕಳು ಜಗಲಿಯಲ್ಲಿ ಗುಂಪು ಕಟ್ಟಿದ್ದರು. ನಡುವೆ ಹುಡುಗಿ, ಅಂಗಿ ಪೂರಾ ತೊಯ್ದು, ಕುಕ್ಕುರುಗಾಲಿನಲ್ಲಿ ಕೂತಿದ್ದಳು. ಬೆಳಿಗ್ಗೆ ಶಾಲೆಗೆಂದು ಚೀಲ ಹೊತ್ತು ಹೊರಟು, ಕುರಿ ಕಾಯುವ ಮಾವನ ಜೊತೆ ಗುಡ್ಡಕ್ಕೆ ಹೋಗಿದ್ದವಳು ಮಳೆ ಬಿದ್ದ ಕೂಡಲೇ ನೇರ ಇಲ್ಲಿಗೆ ಓಡಿ ಬಂದಿದ್ದಳು. ಪೆಟ್ಟಿಗೆಯಲ್ಲಿ ನೀರು ನಿಂತು ಕಪ್ಪೆ ಹೊರಬರಲಾಗದೆ ಹಲಗೆಗೆ ಬಡಿದುಕೊಳ್ಳುತ್ತಿತ್ತಂತೆ. ಅವಳು ತನ್ನ ಸ್ಲೇಟನ್ನು ಓರೆಯಾಗಿ ಇಳಿಬಿಟ್ಟಿದ್ದಳು. ಕಪ್ಪೆ ಅದನ್ನು ಹತ್ತಿ, ಅಂಗಳಕ್ಕೆ ಹಾರಿ, ಹೋಗಿಯಾಗಿತ್ತು.

“ಲೇಟ್ ಬಂದ್ರಿ ಟೀಚರ್, ನಿಮ್ಮನ್ನ ಬೆಂಚಿನ ಮ್ಯಾಲೆ ನಿಲ್ಲಸ್ಬೇಕು,” ಎಂದ ಕರಡಿಯ ಹುಡುಗ. ಯಾರೂ ನಗಲಿಲ್ಲ. ಅಜ್ಜಿ ಹುಡುಗಿಯನ್ನು ಹಿಡಿದು ತಲೆ ಒರೆಸತೊಡಗಿದ್ದಳು.

ಹುಡುಗಿ ಸೆರಗಿನ ಸಂದಿಯಿಂದ ನನ್ನ ಬರಿಗಾಲನ್ನು ನೋಡಿದಳು. ಕಣಕಾಲಿನವರೆಗೆ ಕೆಮ್ಮಣ್ಣು ಮೆತ್ತಿತ್ತು.

“ನೀವು ಅವ್ವನ ಕಡಿ ಹೋಗಿದ್ರೇನ್ರಿ?”

“ಹೂಂ.”

“ಎದ್ದಿದ್ದಿಲ್ಲಲ್ರಿ?”

“ಇಲ್ಲವ್ವ.”

“ನನಗ ಗೊತ್ತಿತ್ರಿ,” ಎಂದಳು. ಅಜ್ಜಿಯ ಕೈ ಬಿಡಿಸಿಕೊಂಡು ಹೋಗಿ, ಸೂರಿನಿಂದ ಬೀಳುತ್ತಿದ್ದ ನೀರಿಗೆ ಸ್ಲೇಟು ಹಿಡಿದು ತೊಳೆದಳು.